ಹಟ್ಟಿಯ ಚಿನ್ನವೂ ಎರಡು ಜಾತಿಯ ಅಯಾನುಗಳೂ

ಹಟ್ಟಿಯ ಗಣಿಯಿಂದ ಮೇಲೆ ಬರುವ ಚಿನ್ನವು ಆಭರಣಕ್ಕೂ ಬೊಕ್ಕಸಕ್ಕೂ ಮಾತ್ರ ಸಲ್ಲತಕ್ಕದ್ದೆಂದು ನಮ್ಮ ಜನರು ಭಾವಿಸುವುದು ಸಹಜವೇ. ಆದರೆ ಅದೇ ಲೋಹದ ತೆಳು ಲೇಪವು, ಒಂದೊಂದೇ ಪರಮಾಣುವನ್ನು ನಿರ್ವಾತದಲ್ಲಿ ಹಿಡಿದು ನಿಲ್ಲಿಸುವ ಅನೇಕ ವಿದ್ಯುತ್ ಬಲೆಗಳಿಗೂ ಇಂದು ಬೇಕಾಗಿದೆ. ಕ್ವಾಂಟಮ್ ಗಣಕದ ಒಂದು ಮುಖ್ಯ ಮಾರ್ಗಕ್ಕೆ ಈ ಬಲೆಗಳೇ ಆಧಾರ.

ಎಲೆಕ್ಟ್ರಾನೊಂದನ್ನು ಕಳೆದುಕೊಂಡ ಪರಮಾಣುವು ಅಯಾನೆನಿಸುವುದು. ಅದರ ಎರಡು ಆಂತರಿಕ ಸ್ಥಿತಿಗಳಲ್ಲಿ ಲೆಕ್ಕವನ್ನಿರಿಸಿ ಲೇಸರ್ ಕಿರಣಗಳಿಂದ ಗಣನೆಯನ್ನು ನಡೆಸುವರು. ಗಣನೆಯು ಸಾಗಿದಂತೆ ಅಯಾನುಗಳು ಕಂಪಿಸಿ ಬಿಸಿಯಾಗುವವು, ಲೆಕ್ಕವು ಕೆಡುವುದು. ತಣಿಸಲೆಂದು ಅವುಗಳ ಮೇಲೆಯೇ ಬೆಳಕು ಹಾಯಿಸಿದರೆ ಇರಿಸಿದ ಲೆಕ್ಕವೇ ಅಳಿಸಿಹೋಗುವುದು. ಆದುದರಿಂದ ಬೇರೊಂದು ಧಾತುವಿನ ಅಯಾನನ್ನು ಪಕ್ಕದಲ್ಲಿ ನಿಲ್ಲಿಸುವರು. ಒಂದಕ್ಕೆ ಸಲ್ಲುವ ಬಣ್ಣದ ಬೆಳಕು ಇನ್ನೊಂದಕ್ಕೆ ತಾಗದು. ಆದರೆ ಪರಸ್ಪರ ವಿಕರ್ಷಣೆಯಿಂದ ಇವೆರಡರ ಚಲನೆಯೂ ಬೆಸೆದುಕೊಂಡಿರುವುದು. ಜೊತೆಗಾರನನ್ನು ತಣಿಸಿದರೆ ಗಣಿಸುವ ಅಯಾನೂ ತಣಿಯುವುದು.

ಅಮೇರಿಕೆಯ ಬೌಲ್ಡರ್ ಪ್ರಯೋಗಶಾಲೆಯವರು 2015ರಲ್ಲಿ ಬೆರಿಲಿಯಮ್ ಮತ್ತು ಮೆಗ್ನೀಸಿಯಮ್ ಅಯಾನುಗಳ ನಡುವೆ ಗಣನಾಕ್ರಿಯೆಯನ್ನೇ ನಡೆಯಿಸಿ ತೋರಿಸಿದರು. 2025ರಲ್ಲಿ ಕ್ವಾಂಟಿನ್ಯುಅಮ್ ಕಂಪನಿಯು ಹೊರತಂದ ಹೀಲಿಯೋಸ್ ಗಣಕದಲ್ಲಿ 98 ಬೇರಿಯಮ್ ಅಯಾನುಗಳು ಲೆಕ್ಕ ಮಾಡಿದರೆ, ಯಿಟ್ಟರ್ಬಿಯಮ್ ಅಯಾನುಗಳು ಅವನ್ನು ತಣಿಸುತ್ತವೆ.

ಆದರೆ ಈ ಉಪಾಯವು ಪುಕ್ಕಟೆಯಲ್ಲ. ಎರಡು ಜಾತಿಗೆ ಎರಡು ಬಗೆಯ ಲೇಸರುಗಳೂ ದರ್ಪಣಗಳೂ ಬೇಕು. ಅವೆಲ್ಲವನ್ನೂ ಪರದೇಶದಿಂದಲೇ ತರಿಸುವುದಾದರೆ ನಮ್ಮ ಪರಾವಲಂಬನವೂ ಇಮ್ಮಡಿಯಾಗುವುದಲ್ಲವೆ?

ನಮ್ಮಲ್ಲಿ ಬುದ್ಧಿಗೆ ಬರಗಾಲವಿಲ್ಲ. ಸರ್ ಸಿ. ವಿ. ರಾಮನ್ನರು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಶೋಧನಾ ಸಂಸ್ಥೆಯವರು, ಬಲೆಯಲ್ಲಿರುವ ರುಬಿಡಿಯಮ್ ಅಯಾನುಗಳನ್ನು ತಣ್ಣನೆಯ ಪರಮಾಣುಗಳ ಸಂಗದಿಂದ ತಣಿಸಬಹುದೆಂದು 2012ರಲ್ಲಿಯೇ ತೋರಿಸಿದರು. ಸಂಗಾತಿಯಿಂದ ತಣಿಸುವ ವಿದ್ಯೆಗೆ ಇದು ಸಮೀಪದ ಬಂಧು. ಕೇಂದ್ರ ಸರಕಾರವು 2023ರಲ್ಲಿ ರಾಷ್ಟ್ರೀಯ ಕ್ವಾಂಟಮ್ ಯೋಜನೆಗೆ 6003.65 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿ, ಎಂಟು ವರ್ಷಗಳಲ್ಲಿ 50ರಿಂದ 1000 ಕ್ಯೂಬಿಟ್ಟುಗಳ ಗಣಕಗಳನ್ನು ಕಟ್ಟುವ ಗುರಿಯನ್ನಿಟ್ಟಿದೆ. ಇದು ಸ್ವಾಗತಾರ್ಹವೇ ಸರಿ.

ಆದರೆ ಗಣಕವೊಂದನ್ನು ಕಟ್ಟಿ ತೋರಿಸುವುದರಿಂದಲೇ ಕಾರ್ಯವು ಮುಗಿಯದು. ಲೇಸರು, ನಿರ್ವಾತಪಾತ್ರೆ, ಚಿನ್ನ ಲೇಪಿಸಿದ ಬಲೆ, ಇವುಗಳ ಕಾರ್ಖಾನೆಗಳು ಈ ನೆಲದಲ್ಲಿಯೇ ಏಳಬೇಕು. ರಾಯಚೂರಿನ ಐ.ಐ.ಐ.ಟಿ.ಯಲ್ಲಿ ಕಲಿಯುವ ತರುಣರಿಗೆ ಬೆಂಗಳೂರಿನ ಪ್ರಯೋಗಶಾಲೆಗಳಲ್ಲಿ ಕೈಕೆಲಸ ಕಲಿಯುವ ಅವಕಾಶವನ್ನು ಸರಕಾರವು ಕಲ್ಪಿಸಬೇಕು. ಭೂಮಿಯ ಆಳದಿಂದ ಚಿನ್ನವನ್ನು ತೆಗೆಯಬಲ್ಲ ಜಿಲ್ಲೆಯ ಮಕ್ಕಳು, ಆ ಚಿನ್ನದಿಂದ ಬಲೆಯನ್ನು ಹೆಣೆಯಲಾರರೆಂದು ಯಾರು ಹೇಳಬಲ್ಲರು?