ರದ್ದಿಯ ತಕ್ಕಡಿ

ಇಂಗ್ಲೆಂಡಿನ ಕಾಲ್ಚೆಂಡಾಟದ ಕ್ಲಬ್ಬುಗಳಲ್ಲಿ ಒಂದು ರೂಢಿಯುಂಟು. ಪಂದ್ಯದ ದಿನ ಮೈದಾನದ ಬಾಗಿಲಲ್ಲಿ ಒಂದು ಪುಸ್ತಿಕೆ ಮಾರುತ್ತಾರೆ. ಎರಡೂ ತಂಡಗಳ ಆಟಗಾರರ ಹೆಸರು, ಹಿಂದಿನ ಪಂದ್ಯಗಳ ಫಲ, ತರಬೇತುದಾರನ ನಾಲ್ಕು ಮಾತು, ಊರ ಅಂಗಡಿಗಳ ಜಾಹೀರಾತು—ಇಷ್ಟು ಅದರಲ್ಲಿರುತ್ತದೆ. ಅಭಿಮಾನಿ ಅದನ್ನು ಮನೆಗೊಯ್ದು ವರ್ಷಗಟ್ಟಲೆ ಕಾದಿಡುತ್ತಾನೆ. ಕ್ಲಬ್ಬಿಗೆ ಹಣದ ಅಡಚಣೆ ಬಂದಾಗ ಅಟ್ಟದ ಮೇಲಿನ ಆ ಗಂಟನ್ನು ಇಳಿಸಿ ಕ್ಲಬ್ಬಿಗೇ ದಾನ ಕೊಡುತ್ತಾನೆ. ಸ್ವಯಂಸೇವಕರು ಅವನ್ನು ವರ್ಷವಾರು ವಿಂಗಡಿಸಿ ಮೇಜಿನ ಮೇಲಿಟ್ಟು ಮಾರುತ್ತಾರೆ. ತಮ್ಮಲ್ಲಿಲ್ಲದ ಸಂಚಿಕೆಯನ್ನು ಹುಡುಕಿಕೊಂಡು ಸಂಗ್ರಹಕಾರರು ಬರುತ್ತಾರೆ. ಬಂದ ಹಣ ಕ್ಲಬ್ಬಿನ ನಿಧಿಗೆ.

ಈ ಸಂಗತಿಯನ್ನು ಅಧ್ಯಾಪಕರ ಕೋಣೆಯಲ್ಲಿ ಹೇಳಿದಾಗ ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕರು. "ರದ್ದಿ ಮಾರಿ ಕ್ಲಬ್ ನಡಸ್ತಾರೇನ್ರಿ ಸರ? ಯಾರರೆ ದೊಡ್ಡ ಮನಷ್ಯಾನ ಕಡೆ ಹೋಗಿ ಒಂದು ಚೆಕ್ ತರೂದು ಚಲೋ ಅಲ್ಲೇನ್ರಿ?" ಎಂದರು.

ನಮ್ಮ ಊರುಗಳ ಸಂಘಸಂಸ್ಥೆಗಳು ಸೊರಗಿರುವುದು ಈ ನಂಬಿಕೆಯಿಂದಲೇ ಎಂಬುದು ನನ್ನ ವಾದ.

ಮೊದಲು ರದ್ದಿಯ ಮಾತು. 1882ರ ಎಫ್.ಎ. ಕಪ್ಪಿನ ಅಂತಿಮ ಪಂದ್ಯದ ಕಾಗದವೊಂದು 2013ರಲ್ಲಿ ಲಂಡನ್ನಿನ ಹರಾಜಿನಲ್ಲಿ 35,250 ಪೌಂಡಿಗೆ ಮಾರಾಟವಾಯಿತು. ಎಲ್ಲಕ್ಕೂ ಈ ಬೆಲೆ ಬಾರದು. ಹೆಚ್ಚಿನವು ಚಹಾದ ದುಡ್ಡಿಗೆ ಹೋಗುತ್ತವೆ. ಆದರೆ ಸಾವಿರ ಕೊಡಲಾರದವನೂ ಕೊಡಬಲ್ಲ ದಾನವಿದು. ಕೊಟ್ಟವನು ವೇದಿಕೆಯ ಮೇಲೆ ಕುರ್ಚಿ ಕೇಳುವುದಿಲ್ಲ.

ಇನ್ನು ದೊಡ್ಡ ಮನುಷ್ಯರ ಚೆಕ್ಕಿನ ಮಾತು. 1885ರಲ್ಲಿ ಹುಟ್ಟಿದ ಬೆರಿ ಕ್ಲಬ್ಬು ಒಬ್ಬ ಮಾಲೀಕನಿಂದ ಇನ್ನೊಬ್ಬನ ಕೈಗೆ ಹೋಗಿ, ಸಾಲದಲ್ಲಿ ಮುಳುಗಿ, 2019ರಲ್ಲಿ ಲೀಗಿನಿಂದಲೇ ಹೊರಬಿತ್ತು. ಎಕ್ಸೆಟರ್ ಸಿಟಿ ಕ್ಲಬ್ಬು ಮುಳುಗುವಂತಿದ್ದಾಗ, 2003ರಲ್ಲಿ, ಅಭಿಮಾನಿಗಳ ಟ್ರಸ್ಟೇ ಅದನ್ನು ಕೈಗೆ ತೆಗೆದುಕೊಂಡು ಉಳಿಸಿತು. ಯಾವುದು ಚಲೋ ಎಂದು ನನ್ನ ಸ್ನೇಹಿತರೇ ಹೇಳಲಿ.

"ನೆನಪನ್ನು ಮಾರುವುದೇ?" ಎಂದು ಕೇಳುವವರೂ ಇದ್ದಾರೆ. ಇವರ ಮಾತಿನಲ್ಲಿ ಅರ್ಧ ಸತ್ಯವಿದೆ. ಕ್ಲಬ್ಬು ಪ್ರತಿ ಸಂಚಿಕೆಯ ಒಂದು ಪ್ರತಿಯನ್ನು ತನಗಾಗಿ ತೆಗೆದಿಟ್ಟು, ಉಳಿದುದನ್ನು ಮಾತ್ರ ಮಾರಬೇಕು. ಆದರೆ ಮಾರದೆ ಇಟ್ಟುಕೊಂಡವರ ಮನೆಯಲ್ಲಿ ಆಗುವುದೇನು? ನನ್ನ ಮನೆಯ ಕಥೆಯನ್ನೇ ಕೇಳಿ.

ನನ್ನ ತಂದೆ ಪ್ರಾಯದಲ್ಲಿ ನಿಪ್ಪಾಣಿಯಿಂದ ಬಸ್ಸು ಹತ್ತಿ ಕೋಲ್ಹಾಪುರದ ಶಾಹು ಮೈದಾನಕ್ಕೆ ಪಂದ್ಯ ನೋಡಲು ಹೋಗುತ್ತಿದ್ದರು. ಅಲ್ಲಿಂದ ತಂದ ಹಸ್ತಪತ್ರಿಕೆಗಳ ಅಂಚಿಗೆ, ಗೋಲು ಹೊಡೆದವರ ಹೆಸರನ್ನು ಪೆನ್ಸಿಲಿನಿಂದ ಬರೆದಿಡುತ್ತಿದ್ದರು. ಕೆಲವು ವರ್ಷಗಳ ಹಿಂದೆ ದೀಪಾವಳಿಗೆ ಮನೆ ತೊಳೆಯುವಾಗ ಆ ಗಂಟನ್ನು ನಾನು ರದ್ದಿಯವನ ತಕ್ಕಡಿಗೆ ಹಾಕಿದೆ. ತಾಳೆಗರಿಗಳನ್ನು ಕಾಪಾಡಿದ ವಿದ್ವಾಂಸರ ಶ್ರಮವನ್ನು ತರಗತಿಯಲ್ಲಿ ಕೊಂಡಾಡುವ ನಾನೇ! ತಂದೆ ಬೈಯಲಿಲ್ಲ. "ಪೆನ್ಸಿಲ್‌ಲೆ ಬರದದ್ದೂ ಹೋತೇನಪಾ?" ಎಂದು ಕೇಳಿ ಸುಮ್ಮನಾದರು. ಆ ಹಣಕ್ಕೆ ಬಂದದ್ದು ಎರಡು ಮಾರು ಚೆಂಡುಹೂವು.

ಇದು ನನ್ನೊಬ್ಬನ ತಪ್ಪಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು, ಅದನ್ನು ಗೆದ್ದ ಮೊದಲ ಭಾರತೀಯ ತಂಡವೆನಿಸಿತು, ಮರುವರ್ಷವೂ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆ ದಿನಗಳ ಒಂದು ಕಾಗದವಾದರೂ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಉಳಿದಿದ್ದೀತು?

ಈಗ ನಮ್ಮ ಪಂದ್ಯಗಳಿಗೆ ಅಚ್ಚಾಗುವುದು ಏನು? ದಾನಿಗಳ ಮೋರೆಯಿರುವ ಫ್ಲೆಕ್ಸು. ಆಡುವ ಹುಡುಗರ ಹೆಸರು ಅದರಲ್ಲಿಲ್ಲ. ಪಂದ್ಯ ಮುಗಿದ ಮೇಲೆ ಅದು ಯಾರದೋ ಬಣವೆಗೆ ಹೊದಿಕೆ. ಇಂಗ್ಲೆಂಡಿನ ಲೀಗಿನಲ್ಲಿ ಸಹ ಪುಸ್ತಿಕೆ ಕಡ್ಡಾಯವೆಂಬ ನಿಯಮ 2018ರಲ್ಲಿ ರದ್ದಾಯಿತು, ಅಲ್ಲಿಯವರೂ ಎಚ್ಚರವಾಗಿರಲಿ. ಇಂದು ಅಚ್ಚಾಗದ್ದನ್ನು ನಾಳೆ ಯಾರೂ ದಾನ ಕೊಡಲಾರರು.

ಆದುದರಿಂದ ನಮ್ಮ ತಾಲೀಮು, ಕ್ರೀಡಾಮಂಡಳಗಳಿಗೆ ನನ್ನ ವಿನಂತಿ: ಮುಂದಿನ ಪಂದ್ಯಾವಳಿಗೆ ಫ್ಲೆಕ್ಸು ಒಂದು ಕಡಿಮೆ ಮಾಡಿ, ಆಟಗಾರರ ಹೆಸರಿರುವ ಒಂದು ಹಾಳೆ ಅಚ್ಚು ಹಾಕಿಸಿ ಮಾರಿರಿ. ವಾಚಕರೂ ಈ ದೀಪಾವಳಿಗೆ ಅಟ್ಟ ಇಳಿಸುವಾಗ, ರದ್ದಿಯವನನ್ನು ಕೂಗುವ ಮೊದಲು ಗಂಟನ್ನೊಮ್ಮೆ ಬಿಚ್ಚಿ ನೋಡಲಿ. ಮನೆಯ ಹಿರಿಯರನ್ನೊಂದು ಮಾತು ಕೇಳಲಿ. ನಾನು ಕೇಳಿರಲಿಲ್ಲ.