ಆಸ್ಪತ್ರೆಯ ಗುಟ್ಟು ಹೊರಬಿದ್ದರೆ

ಮೋಟೆಬೆನ್ನೂರಿನಿಂದ ಸಹೋದರಿಯೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಹೊರ ಜಿಲ್ಲೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಹಣ ಕಟ್ಟಿ ಗರ್ಭಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರಂತೆ. ಮನೆಗೆ ಬಂದು ಹದಿನೈದು ದಿನ ಆಗಿರಲಿಲ್ಲ, ಅಪರಿಚಿತರ ಫೋನ್ ಕರೆಗಳು ಶುರುವಾದವು. ಔಷಧಿ ಮಾರುವವನೊಬ್ಬ ಆಪರೇಷನ್ ಆದ ತಾರೀಕನ್ನೇ ಹೇಳಿದ. ಒಮ್ಮೆ ಫೋನ್ ಎತ್ತಿಕೊಂಡದ್ದು ಮಗಳಿಗೆ ಗಂಡು ನೋಡಲು ಬಂದಿದ್ದ ನೆಂಟರು. ಅಮೆರಿಕದಲ್ಲಿರುವ ತಮ್ಮ, "ಇಲ್ಲಿ ಹೀಗಾದರೆ ಒಂದು ಫಾರಂ ತುಂಬಿ ಕಳುಹಿಸಿದರೆ ಪರಿಹಾರ ಬರುತ್ತದೆ" ಎಂದರಂತೆ. ನಮ್ಮಲ್ಲೂ ಅಂಥ ಫಾರಂ ಇದೆಯೇ ಎಂಬುದು ಅವರ ಪ್ರಶ್ನೆ.

ತಮ್ಮ ಹೇಳಿದ್ದು ಸುಳ್ಳಲ್ಲ. 2015ರಲ್ಲಿ ಅಮೆರಿಕದ ಆಂಥೆಮ್ ಎಂಬ ಆರೋಗ್ಯ ವಿಮಾ ಕಂಪೆನಿಯ ಕಂಪ್ಯೂಟರ್‌ಗಳಿಂದ ಸುಮಾರು 7.88 ಕೋಟಿ ಜನರ ಮಾಹಿತಿ ಕಳವಾಯಿತು. ಎಲ್ಲರ ಪರವಾಗಿ ಕೆಲವರು ದಾವೆ ಹೂಡಿದರು. 2017ರಲ್ಲಿ ಕಂಪೆನಿ 11.5 ಕೋಟಿ ಡಾಲರಿಗೆ ರಾಜಿಯಾಯಿತು. ಕೇಳಲು ದೊಡ್ಡ ಮೊತ್ತ. ಆದರೆ ನಷ್ಟದ ಲೆಕ್ಕ ತೋರಿಸಲಾಗದ ಸಾಮಾನ್ಯನ ಪಾಲಿಗೆ ಬಂದದ್ದು ಎರಡು ವರ್ಷಗಳ ಖಾತೆ ಕಾವಲು ಸೇವೆ, ಅದು ಮೊದಲೇ ಇದ್ದವರಿಗೆ ಹೆಚ್ಚೆಂದರೆ 50 ಡಾಲರ್. ಅದೂ ವಾಯಿದೆಯೊಳಗೆ ಕ್ಲೇಮು ಹಾಕಿದವರಿಗೆ ಮಾತ್ರ. ಸುಮ್ಮನೆ ಕುಳಿತವನಿಗೆ ಹಣವೂ ಇಲ್ಲ, ರಾಜಿಗೆ ಒಳಪಟ್ಟವನಾದ್ದರಿಂದ ಅದೇ ವಿಷಯಕ್ಕೆ ಮತ್ತೆ ದಾವೆ ಹೂಡುವ ಹಕ್ಕೂ ಇಲ್ಲ. ಹೊರದೇಶದಲ್ಲಿರುವ ನಿಮ್ಮ ಮಕ್ಕಳಿಗೆ ಅಂಥ ಪತ್ರ ಬಂದರೆ, ಜಾಹೀರಾತೆಂದು ಬಿಸಾಡದೆ ಕೊನೆಯ ದಿನಾಂಕ ನೋಡಲು ಹೇಳಿ.

ನಮ್ಮಲ್ಲಿ ಅಂಥ ಫಾರಂ ಇಲ್ಲ. ಸೋರಿಕೆ ಇಲ್ಲವೆಂದಲ್ಲ. 2024ರಲ್ಲಿ ಸ್ಟಾರ್ ಹೆಲ್ತ್ ವಿಮಾ ಕಂಪೆನಿಯ ಗ್ರಾಹಕರ ಪಾಲಿಸಿ ಕಾಗದಗಳು, ವೈದ್ಯಕೀಯ ವರದಿಗಳು ಟೆಲಿಗ್ರಾಂನಲ್ಲಿ ಹರಿದಾಡಿದವು. ಮೂರು ಕೋಟಿಗೂ ಹೆಚ್ಚು ಜನರ ಮಾಹಿತಿ ತನ್ನಲ್ಲಿದೆ ಎಂದು ಕದ್ದವನು ಹೇಳಿಕೊಂಡ. ಕಂಪೆನಿ ಮದ್ರಾಸ್ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿತು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು 2017ರಲ್ಲಿ ಒಮ್ಮತದಿಂದ ಹೇಳಿದರು. ಆ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣೆಯ ಕಾಯ್ದೆ ಬಂತು, 2025ರ ನವೆಂಬರಿನಲ್ಲಿ ನಿಯಮಗಳು ಬಂದವು. ಮಾಹಿತಿ ಕಾಪಾಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ. ಆದರೆ ಈ ಮುಖ್ಯ ಕಲಮುಗಳು ಜಾರಿಗೆ ಬರುವುದು ನಿಯಮ ಪ್ರಕಟವಾದ ಹದಿನೆಂಟು ತಿಂಗಳ ಮೇಲೆ, ಅಂದರೆ 2027ರ ಮೇ ತಿಂಗಳಲ್ಲಿ. ಇನ್ನೊಂದು ಮಾತು, ಆ ದಂಡದ ಹಣ ಸರಕಾರದ ಬೊಕ್ಕಸಕ್ಕೆ ಸೇರುತ್ತದೆ. ನೊಂದವರಿಗೆ ಒಂದು ಬಿಡಿಗಾಸಿಲ್ಲ. ಅಷ್ಟೇ ಅಲ್ಲ, ನೊಂದವರಿಗೆ ಪರಿಹಾರ ಕೊಡಿಸಬಲ್ಲ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮು ಅದೇ ದಿನ ರದ್ದಾಗುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಂಡಂತಾಯಿತು ಎಂದರೆ ತಪ್ಪಾಗದು.

ಹಾಗಾದರೆ ಸಹೋದರಿಯ ಪಾಲಿಗೆ ಏನುಳಿಯಿತು? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಗ್ರಾಹಕರು ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು, ಕಾನೂನಿನ ಅನುಮತಿ ಇಲ್ಲದೆ ಬೇರೆಯವರಿಗೆ ಹೇಳುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ನೀವು ಹಣ ಕೊಟ್ಟು ಚಿಕಿತ್ಸೆ ಪಡೆದಿದ್ದೀರಿ, ಆದುದರಿಂದ ನೀವು ಗ್ರಾಹಕರು. (ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಸರಕಾರಿ ಆಸ್ಪತ್ರೆಗೆ ಈ ಕಾಯ್ದೆ ತಾಗುವುದಿಲ್ಲ. 1995ರಲ್ಲೇ ಸುಪ್ರೀಂ ಕೋರ್ಟು ಹಾಗೆ ಹೇಳಿದೆ.) ಆಸ್ಪತ್ರೆ ಯಾವ ಊರಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹೆದ್ದಾರಿಯಲ್ಲಿ ಬಸ್ಸು ಹತ್ತಿ ಹಾವೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರಾಯಿತು. ಆಸ್ಪತ್ರೆಗೆ ಕಟ್ಟಿದ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು. ಧೈರ್ಯ ಸಾಲದಿದ್ದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿ. ಮಹಿಳೆಯರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಸಹಾಯವಾಣಿ 15100.

ಅದೇ ಆಸ್ಪತ್ರೆಗೆ ಹೋದ ಇನ್ನೂ ನಾಲ್ವರಿಗೆ ಹೀಗೇ ಆಗಿದ್ದರೆ? ಆಯೋಗದ ಅನುಮತಿ ಪಡೆದು ಒಬ್ಬರೇ ಎಲ್ಲರ ಪರವಾಗಿ ದೂರು ಕೊಡಲು 35ನೇ ಕಲಮಿನಲ್ಲಿ ಅವಕಾಶವಿದೆ. ಅಮೆರಿಕದ ದಾವೆಗೆ ನಮ್ಮಲ್ಲಿರುವ ಹತ್ತಿರದ ನೆಂಟ ಇದೇ. ಆದರೆ ಎಲ್ಲರ ಹಿತಾಸಕ್ತಿ ಒಂದೇ ಎಂದು ದೂರಿನಲ್ಲೇ ತೋರಿಸಬೇಕು. ಬೆಂಗಳೂರಿನ ಬ್ರಿಗೇಡ್ ಕಂಪೆನಿಯ ಫ್ಲ್ಯಾಟ್ ಕೊಂಡ 91 ಮಂದಿ, ಸಾವಿರಕ್ಕೂ ಹೆಚ್ಚು ಫ್ಲ್ಯಾಟಿನವರೆಲ್ಲರ ಪರವಾಗಿ ದೂರು ಕೊಟ್ಟಿದ್ದರು. ಆ ವಿವರ ಸಾಲದೆಂದು 2021ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎಲ್ಲರ ದೂರೆಂದು ಒಪ್ಪಲಿಲ್ಲ. ಸಹಿ ಹಾಕಿದವರ ಜಂಟಿ ದೂರಾಗಿ ಮಾತ್ರ ನಡೆಸಲು ಬಿಟ್ಟಿತು. ನಾಲ್ಕೈದು ಮಂದಿಯಾದರೆ ಜಂಟಿ ದೂರೇ ವಾಸಿ.

ಕಷ್ಟವಿರುವುದು ಪುರಾವೆಯಲ್ಲಿ. ನಿಮ್ಮ ವಿವರ ಆಸ್ಪತ್ರೆಯಲ್ಲಿ ಮಾತ್ರವಲ್ಲ, ಲ್ಯಾಬು, ಔಷಧಿ ಅಂಗಡಿ, ವಿಮಾ ಕಂಪೆನಿ ಎಲ್ಲರ ಬಳಿಯೂ ಇದೆ. ಆಸ್ಪತ್ರೆಯವರು ಬೆರಳನ್ನು ಅತ್ತ ತೋರಿಸಿಯೇ ತೋರಿಸುತ್ತಾರೆ. ಆದುದರಿಂದ ಇಂದೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಯಾವ ನಂಬರಿನಿಂದ ಯಾವ ದಿನ ಕರೆ ಬಂತು, ಏನೆಂದರು. ಫೋನಿನಿಂದ ಅವನ್ನು ಅಳಿಸಬೇಡಿ. ಬಿಲ್ಲು, ಡಿಸ್ಚಾರ್ಜ್ ಕಾರ್ಡು, ಸಹಿ ಮಾಡಿದ ಒಪ್ಪಿಗೆ ಪತ್ರದ ಪ್ರತಿ ಒಟ್ಟಿಗಿಡಿ. ನಿಮ್ಮ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ 2002ರ ನಿಯಮಾವಳಿ ಹೇಳುತ್ತದೆ. ಅವರು ಅದನ್ನು ಮೂರು ವರ್ಷವಷ್ಟೇ ಕಾಪಾಡಬೇಕು, ನೆನಪಿರಲಿ. ಬಳಿಕ ಆಸ್ಪತ್ರೆಗೆ ರಿಜಿಸ್ಟರ್ಡ್ ಪತ್ರ ಬರೆದು, ನನ್ನ ವಿವರ ಯಾರ್ಯಾರಿಗೆ ಕೊಟ್ಟಿದ್ದೀರಿ ಎಂದು ಕೇಳಿ. ಅವರು ಉತ್ತರಿಸದಿದ್ದರೆ ಆ ಮೌನವನ್ನೂ ಆಯೋಗದ ಮುಂದಿಡಬಹುದು.

ಇನ್ನು, "ನಿಮ್ಮ ಆಸ್ಪತ್ರೆ ಮಾಹಿತಿ ಸೋರಿಕೆಯಾಗಿದೆ, ಪರಿಹಾರ ಮಂಜೂರಾಗಿದೆ, ಓಟಿಪಿ ಹೇಳಿ" ಎಂದು ಯಾರಾದರೂ ಕರೆದರೆ ಅವನೇ ಕಳ್ಳ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಸಹೋದರಿಯ ಪತ್ರದ ಕೊನೆಯಲ್ಲಿ, ಮಗಳ ಮದುವೆ ಮುಗಿಯುವವರೆಗೆ ಸುಮ್ಮನಿರಲೇ ಎಂಬ ಪ್ರಶ್ನೆಯೂ ಇದೆ. ಅವರ ಅಂಜಿಕೆ ಅರ್ಥವಾಗುತ್ತದೆ. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಘಟನೆಯಿಂದ ಎರಡು ವರ್ಷಗಳ ಕಾಲಾವಕಾಶವಿದೆ. ಮದುವೆ ಅಷ್ಟರೊಳಗೆ ಮುಗಿಯುವುದಾದರೆ ಕಾಯಬಹುದು. ಆದರೆ ಆಸ್ಪತ್ರೆಗೆ ಬರೆಯುವ ಪತ್ರವನ್ನು ಈ ವಾರವೇ ಹಾಕಿ, ಅಂಚೆ ರಸೀದಿಯನ್ನು ಜೋಪಾನವಾಗಿಡಿ.