ಬೀಳುವವರ ಪರವಾಗಿ

ಕಲಿಯುವವರನ್ನು ಕಂಡು ನಗುವವರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಅಮೆರಿಕದ ವರ್ಮಾಂಟ್ ರಾಜ್ಯದ ಪುಟ್ಟ ಊರೊಂದರಲ್ಲಿ ಸ್ನೋಬೋರ್ಡಿಂಗ್ ಸಾಮಾನುಗಳ ಅಂಗಡಿ ಇಟ್ಟ ಮೇಲೆ ಆ ಸಿಟ್ಟು ಎರಡರಷ್ಟಾಗಿದೆ. ಒಂದೇ ಹಲಗೆಗೆ ಎರಡೂ ಪಾದ ಬಿಗಿದುಕೊಂಡು, ಅಡ್ಡಲಾಗಿ ನಿಂತು, ಹಿಮದ ಇಳಿಜಾರಿನಲ್ಲಿ ಜಾರುವ ಆಟ ಇದು. ಹಲಗೆ ನಾನು ಮಾರುವುದಿಲ್ಲ. ಕೈಗವಸು, ಹೆಲ್ಮೆಟ್ಟು, ಹಿಮಕನ್ನಡಕ, ಉಣ್ಣೆಯ ಕಾಲುಚೀಲ, ಹಲಗೆಗೆ ಬಳಿಯುವ ಮೇಣ, ಹೀಗೆ ನಮ್ಮ ಕಡೆಯ ಬಳೆ ಅಂಗಡಿಯಷ್ಟೇ ಅಗಲದ ವ್ಯಾಪಾರ.

ನನ್ನಲ್ಲಿಗೆ ನಲವತ್ತು ದಾಟಿದ ಹೆಂಗಸರು ಬರುತ್ತಾರೆ. ಮಕ್ಕಳನ್ನು ಬೆಟ್ಟಕ್ಕೆ ಕಳಿಸಿ, ಕೆಳಗೆ ಅವರ ಕೋಟು ಕಾಯುತ್ತ ವರ್ಷಗಟ್ಟಲೆ ಕೂತವರು. 'ನಾನೂ ಒಮ್ಮೆ ನೋಡಲೇ?' ಎಂದು ಕೇಳುವಾಗ ಅವರ ದನಿ ತಾನಾಗಿ ತಗ್ಗುತ್ತದೆ. ಪಕ್ಕದಲ್ಲಿ ನಿಂತ ಪಳಗಿದ ಹುಡುಗನೊಬ್ಬ ತುಟಿಯಂಚಿನಲ್ಲೇ ನಗುತ್ತಾನೆ. ಸ್ಕೂಟರ್ ಕಲಿಯಲು ಹೊರಟ ನಿಮ್ಮನ್ನು ಕಂಡು ಬೀದಿಯ ಜನ ನಕ್ಕರಲ್ಲ, ಅದೇ ನಗೆ.

ಈ ಹುಡುಗರಿಗೆ ತಮ್ಮ ಆಟದ ಚರಿತ್ರೆಯೇ ಗೊತ್ತಿಲ್ಲ. 1965ರ ಕ್ರಿಸ್‌ಮಸ್ ದಿನ ಮಿಶಿಗನ್‌ನ ಶೆರ್ಮನ್ ಪಾಪೆನ್ ಎರಡು ಸ್ಕೀ ಹಲಗೆಗಳನ್ನು ಜೋಡಿಸಿ ತನ್ನ ಹೆಣ್ಣುಮಕ್ಕಳಿಗೆ ಆಟಿಕೆ ಮಾಡಿಕೊಟ್ಟ. ಅದಕ್ಕೆ 'ಸ್ನರ್ಫರ್' ಎಂದು ಹೆಸರಿಟ್ಟವಳು ಅವನ ಹೆಂಡತಿ ನ್ಯಾನ್ಸಿ. ಅದರಿಂದಲೇ ಬೆಳೆದ ಸ್ನೋಬೋರ್ಡಿಗರನ್ನು ಸ್ಕೀ ಜನ ಬಹುಕಾಲ ಬೆಟ್ಟಕ್ಕೆ ಸೇರಿಸಲಿಲ್ಲ. ನಮ್ಮ ವರ್ಮಾಂಟಿನ ಸ್ಟ್ರಾಟನ್ ಬೆಟ್ಟ ಬಾಗಿಲು ತೆರೆದದ್ದು 1983ರಲ್ಲಿ. ಒಲಿಂಪಿಕ್ಸ್ ಮಣೆ ಹಾಕಿದ್ದು 1998ರಲ್ಲಿ, ನಗಾನೊದಲ್ಲಿ. ಯೂಟಾದ ಆಲ್ಟಾ, ಡಿಯರ್ ವ್ಯಾಲಿ ಮತ್ತು ವರ್ಮಾಂಟಿನದೇ ಮ್ಯಾಡ್ ರಿವರ್ ಗ್ಲೆನ್‌ನಲ್ಲಿ ಇವರಿಗೆ ಇಂದಿಗೂ ಪ್ರವೇಶವಿಲ್ಲ. ಹೊಸಲಾಚೆ ನಿಂತ ಅವಮಾನ ಉಂಡ ಆ ಕುಲದವರೇ ಈಗ ಹೊಸಬರಿಗೆ ಅಡ್ಡ ನಿಲ್ಲುತ್ತಾರೆ. ಸೊಸೆಯಾಗಿ ಅತ್ತವಳು ಅತ್ತೆಯಾಗಿ ಅಳಿಸುವುದನ್ನು ನಾವು ಎಷ್ಟು ಮನೆಗಳಲ್ಲಿ ಕಂಡಿಲ್ಲ!

ವ್ಯಾಪಾರಸ್ಥರ ವರಸೆ ಇನ್ನೊಂದು. 'ಹೊಸಬರು ಒಮ್ಮೆ ಬಂದು ಹೋಗುವವರು, ಸಿಕ್ಕಾಗಲೇ ದುಬಾರಿ ಮಾಲು ದಾಟಿಸಿ' ಎಂದು ಸಗಟು ವ್ಯಾಪಾರಿಯೊಬ್ಬರು ನನಗೆ ಬುದ್ಧಿ ಹೇಳಿದ್ದುಂಟು. ಅವರು ಒಮ್ಮೆ ಬಂದು ಹೋಗುವುದಾದರೂ ಯಾಕೆ? ಮೊದಲ ದಿನವೇ ಒದ್ದೆಯಾಗಿ, ನಡುಗಿ, ಪೆಟ್ಟು ತಿಂದು, ಮೇಲೆ ನಗೆಪಾಟಲಾದರೆ ಯಾರು ತಾನೇ ಮರಳಿ ಬಂದಾರು?

ಹೊಸಬರಿಗೆ ಬೇಕಾದದ್ದು ಬಹಳ ಕಡಿಮೆ. ಹಲಗೆ, ಬೂಟು ಬಾಡಿಗೆಗೆ ಸಿಗುತ್ತವೆ. ಬೀಳುವಾಗ ಕೈಯೂರುವುದು ಮನುಷ್ಯ ಸಹಜ. ಅದಕ್ಕೇ ಈ ಆಟದಲ್ಲಿ ಕಲಿಯುವವರ ಮಣಿಕಟ್ಟು ಮುರಿಯುವುದು ಹೆಚ್ಚು. ಹಾಗಾಗಿ ಮೊದಲು ಮಣಿಕಟ್ಟಿನ ಕವಚ, ಹೆಲ್ಮೆಟ್ಟು. ಜೀನ್ಸ್ ಬೇಡ, ಒದ್ದೆಯಾದ ಹತ್ತಿ ಮೈಯ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ. ಎರಡೆರಡು ಕಾಲುಚೀಲವೂ ಬೇಡ. ತೆಳು ಉಣ್ಣೆಯದು ಒಂದು ಜೊತೆ ಸಾಕು. ಮುಂದಕ್ಕೆ ಬಿದ್ದರೆ ಮುಷ್ಟಿ ಕಟ್ಟಿ ಮುಂಗೈ ಮೇಲೆ ಬೀಳಿ, ಹಿಂದಕ್ಕಾದರೆ ಕುಕ್ಕರಿಸಿ ಹಾಗೇ ಉರುಳಿ. ಇಷ್ಟು ಹೇಳಲು ಹತ್ತು ನಿಮಿಷ ಬೇಕು. ಅದಕ್ಕೆ ನಾನು ಕಾಸು ಕೇಳುವುದಿಲ್ಲ. ಹೀಗೆ ಹೇಳಿಸಿಕೊಂಡು ಹೋದವರೇ ಮುಂದಿನ ಚಳಿಗಾಲಕ್ಕೆ ಗೆಳತಿಯನ್ನೂ ಕರೆತರುತ್ತಾರೆ. ಇದನ್ನು ಧರ್ಮವೆನ್ನಿ, ವ್ಯಾಪಾರವೆನ್ನಿ, ನನಗೆ ಎರಡೂ ಒಪ್ಪಿಗೆ.

ನಗುವವರಿಗೆ ನನ್ನದೊಂದೇ ಮಾತು. ಹೊರಗೆ ಅಷ್ಟು ದೊಡ್ಡ ಬೆಟ್ಟವಿದೆ, ಅಲ್ಲಿ ನಿಂತು ನಗಲಿ. ನನ್ನ ಅಂಗಡಿ ಚಿಕ್ಕದು. ಇರುವ ಜಾಗ ಕಲಿಯಲು ಬಂದವರಿಗೆ ಬೇಕು.